ಹುಳುಕು ಬದನೆಕಾಯಿ ತಂದವನ ಉತ್ತರ

ಮಂಡ್ಯದ ಓದುಗರೊಬ್ಬರು ಬರೆಯುತ್ತಾರೆ: "ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಮುಂದೇನು ಓದುತ್ತೀಯ ಎಂದರೆ 'ನೀವೇ ಹೇಳಿ ಅಪ್ಪ' ಎನ್ನುತ್ತಾಳೆ. ನಾವು ಪೂರ್ಣ ಸ್ವಾತಂತ್ರ್ಯ ಕೊಟ್ಟಿದ್ದೇವೆ. ಈಗಿನ ಮಕ್ಕಳಿಗೆ ಆತ್ಮವಿಶ್ವಾಸವೇ ಇಲ್ಲವೇಕೆ?"

ಮಾನ್ಯರೇ, ನಿಮ್ಮ ಅಕ್ಷರ ಮುತ್ತು ಪೋಣಿಸಿದಂತಿದೆ. ಹಾಗಾಗಿ ಎರಡನೆಯ ಪುಟದ ಸಾಲೂ ಕಣ್ತಪ್ಪಲಿಲ್ಲ: "ಸದ್ಯಕ್ಕೆ ಮೈಸೂರಿನ ಒಂದು ಪಿಯು ಕಾಲೇಜಿನಲ್ಲಿ ವಿಜ್ಞಾನದ ಪಿಸಿಎಂಬಿಗೆ ಮುಂಗಡ ಕಟ್ಟಿದ್ದೇವೆ." ಎಲೆ ಹಾಕಿ, ಅನ್ನ ಬಡಿಸಿ, ಆಮೇಲೆ ಹಸಿವಿದೆಯೇ ಎಂದು ಕೇಳಿದ ಹಾಗಾಯಿತು. ನಿಮ್ಮ ಮಗಳು ಜಾಣೆ. ಇಂಥ ಪ್ರಶ್ನೆಗೆ 'ನೀವೇ ಹೇಳಿ' ಎನ್ನುವುದಕ್ಕಿಂತ ಸರಿಯಾದ ಉತ್ತರ ನನಗೂ ಹೊಳೆಯುತ್ತಿಲ್ಲ.

ನಿಮ್ಮ ಭಯ ಸುಳ್ಳೆನ್ನುವುದಿಲ್ಲ. ಕಬ್ಬಿನ ಬಿಲ್ಲಿಗೆ ತಿಂಗಳುಗಟ್ಟಲೆ ಕಾದು ಸಾಕಾದ ಮನೆಯವರು ತಿಂಗಳ ಸಂಬಳಕ್ಕೆ ಆಸೆಪಡುವುದು ನ್ಯಾಯವೇ. ಅಷ್ಟು ಒಪ್ಪಿದೆ.

ಹತ್ತನೆಯ ವಯಸ್ಸಿನಲ್ಲಿ ಅಮ್ಮ ನನ್ನೊಬ್ಬನನ್ನೇ ದೇವರಾಜ ಮಾರುಕಟ್ಟೆಗೆ ಬದನೆಕಾಯಿ ತರಲು ಕಳಿಸಿದಳು. ಹೊಳಪಿಗೆ ಮರುಳಾಗಿ ದೊಡ್ಡ ದೊಡ್ಡ ಕಾಯಿಗಳನ್ನೇ ಆರಿಸಿ ತಂದೆ. ಈಳಿಗೆಮಣೆಯ ಮೇಲೆ ಸೀಳಿದರೆ ಅರ್ಧಕ್ಕರ್ಧ ಹುಳುಕು. ಅಮ್ಮ ಬೈಯಲಿಲ್ಲ, ಹುಳುಕನ್ನು ಕೆತ್ತಿ ಬಿಸಾಡಿ, ಉಳಿದದ್ದಕ್ಕೆ ಹುಳಿ ಮಾಡಿದಳು. ಮುಂದಿನ ಭಾನುವಾರ ಅದೇ ಚೀಲವನ್ನು ಮತ್ತೆ ಕೈಗಿತ್ತಳು. ಆ ಸಲ ಪ್ರತಿ ಕಾಯಿಯನ್ನೂ ತಿರುಗಿಸಿ ತೂತು ಹುಡುಕಿದೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಬರೆದದ್ದೂ ಹೆಚ್ಚುಕಡಿಮೆ ಇದನ್ನೇ: 'ನನ್ನಿಂದಾಗುತ್ತದೆ' ಎಂಬ ನಂಬಿಕೆಗೆ ಪರರ ಹುರಿದುಂಬಿಸುವ ಮಾತಿಗಿಂತ ತಾನೇ ಮಾಡಿ ಗೆದ್ದ ಅನುಭವ ಗಟ್ಟಿಯಾದ ಆಧಾರ. ಚಪ್ಪಲಿಯ ಬಣ್ಣವನ್ನೂ ಅಪ್ಪನೇ ಆರಿಸುವ ಮನೆಯಲ್ಲಿ, ಹದಿನಾರಕ್ಕೆ ಬದುಕಿನ ದಾರಿ ಆರಿಸು ಎಂದರೆ ಮಗು ಧೈರ್ಯವನ್ನು ಎಲ್ಲಿಂದ ತಂದೀತು?

ನಮ್ಮ ಮೈಸೂರಿನ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅವರನ್ನು ಮುಂಬಯಿಯ ಜೆ. ಜೆ. ಕಲಾಶಾಲೆ ಪ್ರತಿಭೆ ಸಾಲದೆಂದು ಸೇರಿಸಿಕೊಳ್ಳಲಿಲ್ಲ. ಮಹಾರಾಜ ಕಾಲೇಜಿನಲ್ಲಿ ಓದುತ್ತಿದ್ದ ಆ ಹುಡುಗ ಅಣ್ಣ, ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರ ಕಥೆಗಳಿಗೆ ಚಿತ್ರ ಬರೆದ. ಮನೆಯವರು ಕೊಡಬಹುದಾದ ಧೈರ್ಯವೆಂದರೆ ಅಂಥದ್ದು.

ಈಗ ನೋಡಿ! 'ಸೈನ್ಸ್ ತೆಗೆದುಕೊಂಡರೆ ಎಲ್ಲ ದಾರಿಯೂ ತೆರೆದಿರುತ್ತದೆ' ಎಂಬ ಮಂತ್ರ ಒಂದು ಕಡೆ. ಸಿಇಟಿ, ನೀಟ್ ಫಲಿತಾಂಶ ಬರುತ್ತಲೇ ವೃತ್ತ ವೃತ್ತದಲ್ಲೂ ಮಕ್ಕಳ ಮುಖದ ಫ್ಲೆಕ್ಸ್‌ಗಳು. ಮದುವೆಮನೆಯಲ್ಲಿ ಪಾಯಸಕ್ಕೂ ಮೊದಲು ರ‍್ಯಾಂಕ್ ವಿಚಾರಿಸುವ ಚಿಕ್ಕಪ್ಪಂದಿರು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ, 1950ರಿಂದ ಇರುವ ಆಹಾರ ತಂತ್ರಜ್ಞಾನ ಸಂಸ್ಥೆ ಸಿಎಫ್‌ಟಿಆರ್‌ಐ, ಚಿತ್ರ-ಶಿಲ್ಪ ಕಲಿಸುವ ಕಾವಾ ಇವುಗಳ ಮುಂದೆಯೇ ಕೋಚಿಂಗ್‌ಗೆ ಹೋಗುವ ಮಕ್ಕಳು ಓಡಾಡುತ್ತಾರೆ. ಒಳಗೆ ಏನು ಕಲಿಸುತ್ತಾರೆಂದು ಕರೆದೊಯ್ದು ತೋರಿಸಿದ ಅಪ್ಪಂದಿರು ಎಷ್ಟು ಮಂದಿ? (ಪತ್ರಿಕಾ ಕಚೇರಿಗಂತೂ ಯಾರೂ ಕರೆತರುವುದಿಲ್ಲ, ಆ ಸಂಕಟ ಇನ್ನೊಮ್ಮೆ.)

ಮಂಡ್ಯದಿಂದ ಇಲ್ಲಿಗೆ ರೈಲಿನಲ್ಲಿ ಒಂದು ಗಂಟೆಯ ದಾರಿ. ಮಗಳ ಜೊತೆ ಬನ್ನಿ. ಟಿಕೆಟ್ ಅವಳೇ ತೆಗೆಯಲಿ, ಪ್ರಶ್ನೆಗಳನ್ನೂ ಅವಳೇ ಕೇಳಲಿ. ನೀವು ಹೊರಗೆ ಬೆಂಚಿನ ಮೇಲೆ ಕುಳಿತಿರಿ. ಹೊರಡುವ ಮುನ್ನ ಆ ಮುಂಗಡದ ರಸೀದಿಯನ್ನೊಮ್ಮೆ ತಿರುಗಿಸಿ ನೋಡಿ. ಹಣ ವಾಪಸು ಬರುತ್ತದೆಯೋ ಇಲ್ಲವೋ ಎಂಬುದನ್ನು ಸಾಮಾನ್ಯವಾಗಿ ಹಿಂಬದಿಯಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

— ಸಂ.