ಸಂಪಾದಕರ ಉತ್ತರ: ಬಸುರಿಯ ಮಡಿಲಲ್ಲಿ ಮೊಬೈಲು

ಕಟಪಾಡಿಯ ತಾಯಿಯೊಬ್ಬರು ತಮ್ಮ ಮನೆಯ ಚರ್ಚೆಯನ್ನು ನಮ್ಮ ಮುಂದಿಟ್ಟಿದ್ದಾರೆ. ಸೀಮಂತ ಮುಗಿಸಿ ತವರಿಗೆ ಬಂದಿರುವ ಮಗಳಿಗೆ ಹಗಲಿಡೀ ಮೊಬೈಲಿನಲ್ಲೇ ಕಚೇರಿಯ ಕೆಲಸ. ರಾತ್ರಿ ಅದು ದಿಂಬಿನಡಿಯಲ್ಲಿ. ದೂರವಿಡು ಎಂದರೆ ಎಂಜಿನಿಯರ್ ಅಳಿಯ ನಗುತ್ತಾರೆ, ವೈದ್ಯರು ‘ಹೆದರಬೇಡಿ’ ಎಂದಷ್ಟೇ ಹೇಳಿ ಮುಂದಿನವರನ್ನು ಕರೆಯುತ್ತಾರೆ. ‘ನನ್ನದು ಬರೀ ಅಜ್ಜಿಕಾಲದ ಭಯವೇ?’ ಎಂದು ಅವರು ಕೇಳಿದ್ದಾರೆ.

ಅಲ್ಲ ತಾಯೀ. ಅಳಿಯಂದಿರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ: ಮೊಬೈಲಿನ ರೇಡಿಯೋ ತರಂಗಗಳಿಗೆ ಎಕ್ಸ್‌-ರೇಯಂತೆ ಜೀವಕೋಶದ ರಾಸಾಯನಿಕ ಬಂಧಗಳನ್ನು ಮುರಿಯುವ ಶಕ್ತಿಯಿಲ್ಲ, ಗರ್ಭಸ್ಥ ಶಿಶುವಿಗೆ ಅವುಗಳಿಂದ ಹಾನಿಯೆಂಬುದು ಸಾಬೀತಾಗಿಯೂ ಇಲ್ಲ. ಆದರೆ ಸಾಬೀತಾಗಿಲ್ಲ ಎಂದ ಮಾತ್ರಕ್ಕೆ ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸುವುದು ವಿಜ್ಞಾನವಲ್ಲ. ಡೆನ್ಮಾರ್ಕ್, ನಾರ್ವೆ ಸೇರಿದಂತೆ ಐದು ದೇಶಗಳ 83,884 ತಾಯಿ-ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಸುರಿನಲ್ಲಿ ಫೋನನ್ನು ಹೆಚ್ಚು ಬಳಸಿದವರ ಮಕ್ಕಳಲ್ಲಿ ಅತಿಚಟುವಟಿಕೆಯ ಸಮಸ್ಯೆ ತುಸು ಹೆಚ್ಚಾಗಿ ಕಂಡಿತು. ಮನೆಯ ವಾತಾವರಣವೂ ಇದಕ್ಕೆ ಕಾರಣವಿರಬಹುದು, ನಿಜ. ಹಾಗಿದ್ದರೂ ಕಡೆಗಣಿಸುವಂಥ ಸುಳಿವಲ್ಲ ಅದು.

ಇಂಗ್ಲೆಂಡಿನ ವೈದ್ಯೆ ಆಲಿಸ್ ಸ್ಟೀವರ್ಟ್ ಅವರನ್ನು ಇಲ್ಲಿ ನೆನೆಯಲೇಬೇಕು. ಕ್ಯಾನ್ಸರಿಗೆ ಮಕ್ಕಳನ್ನು ಕಳೆದುಕೊಂಡ ತಾಯಂದಿರನ್ನು ಪ್ರಶ್ನಾವಳಿಯ ಮೂಲಕ ವಿಚಾರಿಸಿದ ಅವರು, ಬಸುರಿನಲ್ಲಿ ತೆಗೆದ ಎಕ್ಸ್‌-ರೇಗೂ ಆ ಸಾವುಗಳಿಗೂ ನಂಟಿದೆಯೆಂದು 1956ರಲ್ಲೇ ಬರೆದರು. ತಾಯಂದಿರ ನೆನಪನ್ನು ನಂಬುವುದು ಹೇಗೆ ಎಂದು ತಕರಾರೆತ್ತಿದ ವೈದ್ಯಲೋಕಕ್ಕೆ ಅದನ್ನು ಒಪ್ಪಲು ದಶಕಗಳೇ ಹಿಡಿದವು. ಅಷ್ಟು ದೂರ ಏಕೆ, ನಮ್ಮದೇ ಕೊಕ್ಕಡ, ಗಡಿಯಾಚೆ ಕಾಸರಗೋಡಿನ ಪಡ್ರೆ ಇಲ್ಲವೇ? ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳಲ್ಲಿ ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳನ್ನು ಎತ್ತಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದ ಅಮ್ಮಂದಿರಿಗೆ ವರ್ಷಗಟ್ಟಲೆ ಸಿಕ್ಕಿದ್ದು ‘ಸಂಬಂಧ ಸಾಬೀತಾಗಿಲ್ಲ’ ಎಂಬ ಉತ್ತರವೇ. ಸುಪ್ರೀಂ ಕೋರ್ಟು ಆ ವಿಷವನ್ನು ತಡೆದದ್ದು 2011ರ ಮೇ ತಿಂಗಳಿನಲ್ಲಿ; ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮೊಬೈಲ್ ತರಂಗಗಳನ್ನು ‘ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯಿದೆ’ ಎಂಬ ಪಟ್ಟಿಗೆ ಸೇರಿಸಿದ್ದೂ ಅದೇ ತಿಂಗಳಿನಲ್ಲಿ. ಮೊಬೈಲು ಎಂಡೋಸಲ್ಫಾನ್ ಎಂದು ನಾವು ಹೇಳುತ್ತಿಲ್ಲ. ರುಜುವಾತಿನ ಹೊರೆಯನ್ನು ಪ್ರತಿ ಸಲವೂ ತಾಯಿಯ ತಲೆಗೇ ಕಟ್ಟುವುದು ಯಾವ ನ್ಯಾಯ?

ಒಂದು ವಿಷಯದಲ್ಲಿ ಮಾತ್ರ ನಿಮ್ಮನ್ನು ಗದರಲೇಬೇಕು. ವಿಕಿರಣ ತಡೆಯುತ್ತದೆಂದು ನಂಬಿ ಫೋನಿನ ಬೆನ್ನಿಗೆ ಸ್ಟಿಕ್ಕರ್ ತರಿಸಿ ಅಂಟಿಸಿದ್ದೀರಲ್ಲ, ಅದನ್ನು ಇಂದೇ ಕಿತ್ತೆಸೆಯಿರಿ. ಅದು ತರಂಗವನ್ನು ತಡೆಯದಿದ್ದರೆ ನಿಮ್ಮ ಹಣ ದಂಡ. ತಡೆದರೆ, ಚಾರ್ಮಾಡಿ ಘಾಟಿಯಲ್ಲಿ ಸಿಗ್ನಲ್ ಸಿಗದಾಗ ಆಗುವಂತೆ, ಟವರನ್ನು ತಲುಪಲು ಫೋನು ತನ್ನ ಪ್ರಸಾರಶಕ್ತಿಯನ್ನೇ ಏರಿಸಿಕೊಳ್ಳುತ್ತದೆ. ದೇಹದಿಂದ ದೂರವಿಡುವುದೇ ಇದಕ್ಕೆ ಖರ್ಚಿಲ್ಲದ ಉಪಾಯ: ಮಾತಿಗೆ ಸ್ಪೀಕರ್ ಅಥವಾ ಇಯರ್‌ಫೋನ್ ಇರಲಿ, ರಾತ್ರಿ ಫೋನು ಕೋಣೆಯ ಆಚೆ ಮೂಲೆಯಲ್ಲಿರಲಿ.

2012ರ ಸೆಪ್ಟೆಂಬರಿನಿಂದ ನಮ್ಮ ದೇಶದಲ್ಲಿ ಫೋನಿನ ತರಂಗಗಳಿಂದ ದೇಹ ಹೀರಿಕೊಳ್ಳುವ ಶಕ್ತಿಗೆ ಕಿಲೋಗ್ರಾಮಿಗೆ 1.6 ವಾಟ್ ಎಂಬ ಮಿತಿಯಿದೆ. ಆದರೆ ಅನೇಕ ಕಂಪೆನಿಗಳು ಇದನ್ನು ಅಳೆಯುವುದು ಫೋನನ್ನು ದೇಹದಿಂದ 5 ಅಥವಾ 15 ಮಿಲಿಮೀಟರ್ ದೂರದಲ್ಲಿಟ್ಟು. ಆ ಮಾತನ್ನು ಅಚ್ಚು ಹಾಕುವುದು ಕೈಪಿಡಿಯ ಯಾವುದೋ ಮೂಲೆಯಲ್ಲಿ, ಸಣ್ಣಕ್ಷರದ ಇಂಗ್ಲಿಷಿನಲ್ಲಿ. ಈಚೆಗೆ ಮಂಗಳೂರಿನ ಆಸ್ಪತ್ರೆಯೊಂದರ ಸಾಲಿನಲ್ಲಿ ತುಂಬುಗರ್ಭಿಣಿಯೊಬ್ಬರು ಹೊಟ್ಟೆಗೇ ಫೋನನ್ನು ಆನಿಸಿಕೊಂಡು ಒಂದರ ಹಿಂದೊಂದು ರೀಲ್ಸ್ ನೋಡುತ್ತಿದ್ದರು. ಎದುರಿನ ಗೋಡೆಯಲ್ಲಿ ಕಬ್ಬಿಣದ ಮಾತ್ರೆಯ ಬಗ್ಗೆ ಬರಹವಿತ್ತು, ಲಸಿಕೆಯ ಬಗ್ಗೆ ಇತ್ತು, ಇದರ ಬಗ್ಗೆ ಒಂದಕ್ಷರವಿರಲಿಲ್ಲ. ಫೋನನ್ನು ಹೊಟ್ಟೆಯಿಂದ ದೂರವಿಡಿ ಎಂಬ ಒಂದು ಸಾಲನ್ನು ಅಲ್ಲಿ ಕನ್ನಡದಲ್ಲೂ ತುಳುವಿನಲ್ಲೂ ಬರೆಸಲು ಯಾವ ಸಂಶೋಧನೆಯ ಅಂತಿಮ ತೀರ್ಪಿಗೆ ಕಾಯಬೇಕೆಂದು ಆರೋಗ್ಯ ಇಲಾಖೆ ಹೇಳಬೇಕು.