ಬಿಟಿ ಹತ್ತಿ ಲಾಭವೋ, ಸಾದಾ ಹತ್ತಿಯೋ?

ಪ್ರಶ್ನೆ: ಹಾವೇರಿ ಕಡೆ ನಮ್ಮ ಪಾಲಿಗೆ 3 ಎಕರೆ ಎರೆಭೂಮಿ ಬಂದಿದೆ. ನೀರಾವರಿ ಇಲ್ಲ, ಮಳೆಯೇ ಗತಿ. ಬಿಟಿ ಬೀಜ ದುಬಾರಿ, ಸಾದಾ ತಳಿ ಹಾಕಿದರೆ ಖರ್ಚು ಉಳಿಯುತ್ತದೆ ಅನ್ನುತ್ತಾರೆ. ನಿಜವೇ?
– ಓದುಗರು, ಸುರತ್ಕಲ್

ಉತ್ತರ: ಬಿಟಿ ಅಂದರೆ ಕಾಯಿಕೊರಕ ಹುಳುವನ್ನು ಕೊಲ್ಲುವ ಬ್ಯಾಕ್ಟೀರಿಯಾದ ವಂಶವಾಹಿ ಸೇರಿಸಿದ ಹತ್ತಿ. ಬೀಜದ ಬಿಲ್ಲು ಮೊದಲು ಕಣ್ಣಿಗೆ ಬೀಳುತ್ತದೆ, ಅಷ್ಟೆ. 2025-26ರಲ್ಲಿ ಬಿಜಿ-2 (ಎರಡು ಬಿಟಿ ವಂಶವಾಹಿ ಇರುವ) ಹೈಬ್ರಿಡ್‌ನ 475 ಗ್ರಾಂ ಪ್ಯಾಕೆಟ್‌ಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಗರಿಷ್ಠ ದರ 901 ರೂಪಾಯಿ. ಎಕರೆಗೆ 2 ಪ್ಯಾಕೆಟ್ ಅಂದರೆ 1,802. ಅದೇ ವರ್ಷ ಉದ್ದ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 8,110. ಬೀಜದ ದುಡ್ಡು 22 ಕೆ.ಜಿ. ಹತ್ತಿಯಲ್ಲಿ ಹುಟ್ಟುತ್ತದೆ. ಬಿಡಿಸುವ ಕೂಲಿ ಕೆ.ಜಿ.ಗೆ 10 ರೂಪಾಯಿ ಎಂದಿಟ್ಟುಕೊಂಡರೂ, ಎಕರೆಗೆ 8 ಕ್ವಿಂಟಾಲ್ ಬಂದರೆ 8,000 ಆಯಿತು. ಅದು ಎರಡಕ್ಕೂ ಒಂದೇ.

ವ್ಯತ್ಯಾಸ ಬರುವುದು ಔಷಧಿ ಹೊಡೆಯುವಲ್ಲಿ. ಹಸಿರು ಕಾಯಿಕೊರಕಕ್ಕೆ ಸಾದಾ ಹತ್ತಿಯಲ್ಲಿ 3 ಸಲ ಹೆಚ್ಚು ಹೊಡೆಯಬೇಕಾಗಿ ಬಂತು, ಔಷಧಿ–ಕೂಲಿ ಸೇರಿ ಸಲಕ್ಕೆ 1,200 ಬಿತ್ತು ಅನ್ನಿ: 3,600. ಬಿಟಿ ಬೀಜದ ದುಡ್ಡು ಇಲ್ಲೇ ವಾಪಸ್. ಆದರೆ ಜಿಗಿಹುಳು, ಥ್ರಿಪ್ಸ್, ಬಿಳಿನೊಣದಂಥ ರಸ ಹೀರುವ ಕೀಟಗಳನ್ನು ಬಿಟಿ ತಡೆಯುವುದಿಲ್ಲ. ಗುಲಾಬಿ ಕಾಯಿಕೊರಕವಂತೂ 2006ರಲ್ಲಿ ಬಂದ ಬಿಜಿ-2ಕ್ಕೂ ಈಗ ಜಗ್ಗುತ್ತಿಲ್ಲ. ಲೆಕ್ಕ ತಲೆಕೆಳಗಾಗುವುದು ಇಲ್ಲಿ.

ಹೂವು ಪೂರ್ತಿ ಅರಳದೆ, ಎಸಳುಗಳು ನೂಲಿನಿಂದ ಬಿಗಿದಂತೆ ಗುಲಾಬಿ ಮೊಗ್ಗಿನ ಹಾಗೆ ಮುದುಡಿದ್ದರೆ ಒಳಗೆ ಹುಳು ಇದೆ. ಕಾಯಿ ಒಡೆದು ನೋಡಿ, ಎರಡು ಬೀಜ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎಕರೆಗೆ 2 ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯಿಂದ ಗಂಡು ಪತಂಗವನ್ನು ಸೆಳೆಯುವ ಬಲೆ) ಕಟ್ಟಿಸಿ. ಒಂದು ಬಲೆಗೆ ರಾತ್ರಿಗೆ 8 ಪತಂಗದಂತೆ ಸತತ 3 ರಾತ್ರಿ ಬಿದ್ದರೆ ಮಾತ್ರ ಔಷಧಿ. ಬೇಗ ಮುಗಿಯುವ ಹೈಬ್ರಿಡ್ ಆರಿಸಿ, ಡಿಸೆಂಬರ್‌ಗೆ ಗಿಡ ಕಿತ್ತುಬಿಡಿ. ಇನ್ನೊಂದು ಬಿಡಿಸಾಟದ ಆಸೆಗೆ ಫೆಬ್ರುವರಿವರೆಗೆ ಗಿಡ ಉಳಿಸಿದವರ ಹೊಲದಿಂದಲೇ ಹುಳು ಮುಂದಿನ ವರ್ಷಕ್ಕೆ ದಾಟುವುದು.

ಪ್ಯಾಕೆಟ್ಟಿನಲ್ಲೇ 5ರಿಂದ 10 ಶೇಕಡ ಬಿಟಿ ಅಲ್ಲದ ಬೀಜ ಬೆರೆಸಿರುತ್ತಾರೆ, ಅಲ್ಲೊಂದು ಇಲ್ಲೊಂದು ಗಿಡ ಹುಳು ತಿಂದರೆ ಬೀಜ ನಕಲಿ ಎಂದುಕೊಳ್ಳಬೇಡಿ. ‘ಕಳೆನಾಶಕ ಹೊಡೆದರೂ ಸಾಯದ ಹತ್ತಿ’ ಎಂದು ಬಿಲ್ಲಿಲ್ಲದೆ ಮಾರುವ ಬೀಜಕ್ಕೆ ಮಾತ್ರ ಕೈಹಾಕಬೇಡಿ. ಅದಕ್ಕೆ ಅನುಮತಿಯೇ ಇಲ್ಲ. ಮೊಳೆಯದಿದ್ದರೆ ದೂರು ಕೊಡಲು ನಿಮ್ಮ ಕೈಯಲ್ಲಿ ಕಾಗದವೂ ಇರುವುದಿಲ್ಲ.

ಹಾಗಾದರೆ ಸಾದಾ ಹತ್ತಿ ಯಾರಿಗೆ? ಹಿಂಗಾರಿಗೆ ಬಿತ್ತುವವರಿಗೆ, ಧಾರವಾಡದ ‘ಜಯಧರ್’. ಬರ ತಾಳುತ್ತದೆ, ರಸ ಹೀರುವ ಕೀಟದ ಕಾಟ ಕಡಿಮೆ, ಬೀಜ ಮನೆಯಲ್ಲೇ ಇಟ್ಟುಕೊಳ್ಳಬಹುದು. ಎಳೆ ಗಿಡ್ಡ, ದರವೂ ಕಡಿಮೆ. ದುಡ್ಡು ಸುರಿಯದೆ ಬೆಳೆಯುವವರಿಗೆ ಅದೇ ಸುರಕ್ಷಿತ. ನೀವು ಮುಂಗಾರಿಗೆ ಬಿತ್ತುವುದಾದರೆ ನಮ್ಮ ಮತ ಬಿಟಿಗೇ.

ಮಾರುವಾಗ ತೇವ ನೋಡಿಕೊಳ್ಳಿ. ಸರ್ಕಾರಿ ಖರೀದಿಯಲ್ಲಿ 8 ಶೇಕಡಕ್ಕೆ ಪೂರ್ತಿ ದರ, 12ರವರೆಗೆ ಕಡಿತ, ಮೇಲಿದ್ದರೆ ವಾಪಸ್. ಇಬ್ಬನಿ ಆರುವ ಮೊದಲು ಬಿಡಿಸಿದರೆ ಇಲ್ಲೇ ಕಳೆದುಕೊಳ್ಳುವುದು.

ಪ್ರಶ್ನೆ: ಬ್ರಹ್ಮಾವರದ ಮಜಲು (ನಡುಮಟ್ಟದ) ಗದ್ದೆಯಲ್ಲಿ ಹತ್ತಿ ಬೆಳೆಯಬಹುದೇ?

ಉತ್ತರ: ಬೇಡ. ನಮ್ಮ ಮಳೆಗೆ ಬೇರು ಕೊಳೆಯುತ್ತದೆ, ಮೊಗ್ಗು ಉದುರುತ್ತದೆ. ದೇವರ ದೀಪದ ಬತ್ತಿಗೆ ಹಿತ್ತಲಲ್ಲಿ ಎರಡು ಗಿಡ, ಅಷ್ಟಕ್ಕೆ ಸರಿ.

ಪ್ರಶ್ನೆ: ಬಿಟಿ ಹತ್ತಿಯ ಹಿಂಡಿಯಿಂದ ದನಕ್ಕೆ ತೊಂದರೆಯೇ?
– ಹಾಲು ಉತ್ಪಾದಕರು, ಕಾರ್ಕಳ

ಉತ್ತರ: ಹತ್ತಿಬೀಜದಲ್ಲಿ ಗಾಸಿಪಾಲ್ ಎಂಬ ವಿಷಾಂಶವಿದೆ, ಬಿಟಿಯಲ್ಲೂ ಸಾದಾದಲ್ಲೂ. ದೊಡ್ಡ ದನದ ಹೊಟ್ಟೆ ಮಿತವಾಗಿ ಕೊಟ್ಟದ್ದನ್ನು ತಾಳಿಕೊಳ್ಳುತ್ತದೆ. ಹಾಲು ಕುಡಿಯುವ ಕರುವಿಗೆ ಕೊಡಲೇಬೇಡಿ. ನಮ್ಮೂರಿನಲ್ಲಿ ಹೆಚ್ಚು ಹೆದರಬೇಕಾದದ್ದು ಬೂಸ್ಟಿಗೆ. ಬೂಸ್ಟು ಹಿಡಿದ ಹಿಂಡಿಯ ಅಫ್ಲಟಾಕ್ಸಿನ್ ಎಂಬ ವಿಷ ಹಾಲಿಗೂ ಇಳಿಯುತ್ತದೆ. ಮಳೆಗಾಲದಲ್ಲಿ ಚೀಲವನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆಯ ಮೇಲಿಡಿ. 15 ದಿನಕ್ಕಾಗುವಷ್ಟೇ ತನ್ನಿ.