ಮುಂದಕ್ಕೆ ಹಾರುವ ಹೆಲಿಕಾಪ್ಟರಿನ ರೋಟರ್ ಸಿಮ್ಯುಲೇಶನ್ ಪ್ರಾಜೆಕ್ಟಿಗೆ ಗಾಳಿಯ ಹರಿವು ಲೆಕ್ಕ ಹಾಕುವ ಸಾಫ್ಟ್‌ವೇರ್ ಯಾವುದು, ಫ್ಲೂಯೆಂಟಾ, ಓಪನ್‌ಫೋಮಾ? ಲ್ಯಾಪ್‌ಟಾಪ್ ಎಷ್ಟರದ್ದು ತೆಗೆದುಕೊಳ್ಳಲಿ?

ಎರಡರಲ್ಲೂ ಆಗುತ್ತದೆ, ಬಿಡಿ ಮಾರಾಯ್ರೆ. ಫೈನಲ್ ಇಯರ್‌ನಲ್ಲಿ ನಾನೂ ಇದೇ ಪ್ರಶ್ನೆಗೆ ಒಂದು ತಿಂಗಳು ಹಾಳು ಮಾಡಿದ್ದೆ. ಬಿದ್ದದ್ದು ಬೇರೆ ಕಡೆ.

ಸುರತ್ಕಲ್‌ನಲ್ಲಿ ಸಣ್ಣ ಬಾಡಿಗೆ ರೂಮು, ಮಳೆಗಾಲ, ಕಿಟಕಿ ಯಾವಾಗಲೂ ಬಂದ್. ನನ್ನ ಉತ್ತರ ಹೋಲಿಸಲು ತೆಗೆದುಕೊಂಡದ್ದು ಹೆಲಿಕಾಪ್ಟರ್ ರೋಟರಿನ ಮಾದರಿ ಮೇಲೆ ಮಾಡಿದ 1981ರ ಕ್ಯಾರಡೋನಾ-ಟಂಗ್ ಪ್ರಯೋಗ. ಎರಡು ಬ್ಲೇಡ್, ಬ್ಲೇಡಿನ ಅಡ್ಡಕೊಯ್ತದ ಆಕಾರ ನಾಕಾ 0012, ತ್ರಿಜ್ಯ 1.143 ಮೀಟರ್. ಬ್ಲೇಡಿಗೆ 8 ಡಿಗ್ರಿ ಕೋನ, 1250 ಆರ್‌ಪಿಎಂ ಇಟ್ಟರೆ ಥ್ರಸ್ಟ್ ಕೋಎಫಿಶಿಯೆಂಟ್, ಅಂದರೆ ರೋಟರ್ ಎತ್ತುವ ಬಲ ಎಷ್ಟೆಂದು ಹೇಳುವ ಅಂಕಿ, ಸುಮಾರು 0.0046 ಬರಬೇಕು.

ರೋಟರಿನ ನಾಲ್ಕನೇ ಸುತ್ತಿಗೆ ನನ್ನ ಉತ್ತರ ಅದರ ಹತ್ತಿರ ಬಂತು. ಖುಷಿಯಲ್ಲಿ ಗೆಳೆಯರಿಗೆ ಗೋಳಿಬಜೆ ಕೊಡಿಸಿದೆ. ಇಪ್ಪತ್ತು ಸುತ್ತು ಓಡಿಸಿದರೆ ಥ್ರಸ್ಟ್ ಮೆಲ್ಲ ಮೆಲ್ಲ ಇಳಿಯುತ್ತಾ ಹೋಯಿತು. ಮೆಷ್, ಅಂದರೆ ಲೆಕ್ಕಕ್ಕೆ ಗಾಳಿಯನ್ನು ತುಂಡು ಮಾಡುವ ಜಾಲ, ಅದರ ತುಂಡುಗಳನ್ನು ದುಪ್ಪಟ್ಟು ಮಾಡಿದೆ, ಒಂದೊಂದು ಲೆಕ್ಕಕ್ಕೆ ಬ್ಲೇಡ್ ಒಂದು ಡಿಗ್ರಿ ತಿರುಗುವಷ್ಟಿದ್ದ ಟೈಮ್‌ಸ್ಟೆಪ್ಪನ್ನು ಅರ್ಧ ಮಾಡಿದೆ, ಗಾಳಿಯ ಸುಳಿಗಳನ್ನು ಲೆಕ್ಕ ಹಾಕುವ ಟರ್ಬುಲೆನ್ಸ್ ಮಾಡೆಲ್ ಬದಲಿಸಿದೆ, ಒಂದೊಂದು ರನ್ನಿಗೂ ಮೂರು ದಿನ, ಹೀಗೆ ಎರಡು ತಿಂಗಳು ಹೋಯಿತು.

ಒಂದು ಮಧ್ಯಾಹ್ನ ಫ್ಯಾನ್ ಕೆಳಗೆ ಸುಮ್ನೆ ಮಲಗಿದ್ದೆ. ಗೋಡೆಯ ಕ್ಯಾಲೆಂಡರಿನ ಹಾಳೆ ಕೆಳಗಿನಿಂದ ಮೇಲಕ್ಕೆ ಏಳುತ್ತಿತ್ತು. ಮುಚ್ಚಿದ ರೂಮಲ್ವಾ, ಗಾಳಿ ನೆಲಕ್ಕೆ ಬಡಿದು, ಗೋಡೆ ಹತ್ತಿ, ಮತ್ತೆ ಫ್ಯಾನಿನ ಮೇಲಿಂದಲೇ ಬರುತ್ತದೆ. ನನ್ನ ಡೊಮೇನ್, ಅಂದರೆ ಕಂಪ್ಯೂಟರಿನಲ್ಲಿ ರೋಟರ್ ಸುತ್ತ ಲೆಕ್ಕಕ್ಕೆ ಹಿಡಿದ ಜಾಗ, ಅದೂ ಅಂಥದ್ದೇ ರೂಮು! ಬದಿಗೆ ಎರಡು ತ್ರಿಜ್ಯ, ಕೆಳಗೆ ಮೂರು, ಸುತ್ತ ಗೋಡೆ.

ಲೆಕ್ಕ ನೋಡಿ. ಬ್ಲೇಡಿನ ತುದಿಯ ವೇಗ ಸೆಕೆಂಡಿಗೆ 150 ಮೀಟರ್. ಥ್ರಸ್ಟ್ ಕೋಎಫಿಶಿಯೆಂಟಿನ ಅರ್ಧಕ್ಕೆ ವರ್ಗಮೂಲ ತೆಗೆದು ಅದರಿಂದ ಗುಣಿಸಿದರೆ ರೋಟರ್ ಮೂಲಕ ಇಳಿಯುವ ಗಾಳಿ ಸುಮಾರು 7 ಮೀಟರ್, ಕೆಳಗೆ ಹೋದಂತೆ ಅದು 14ರ ಹತ್ತಿರ. ನನ್ನ ನೆಲ ಇದ್ದದ್ದು 3.4 ಮೀಟರ್ ಕೆಳಗೆ. ಒಂದು ಸುತ್ತಿಗೆ 0.048 ಸೆಕೆಂಡ್. ಅಂದರೆ ಐದಾರು ಸುತ್ತಿಗೆ ಗಾಳಿ ನೆಲ ಮುಟ್ಟಿ ವಾಪಸ್ ಹೊರಟಾಯಿತು. ಮೇಲಿಂದ ಆಗಲೇ ಇಳಿಯುತ್ತಿರುವ ಗಾಳಿ ಸಿಕ್ಕರೆ ಬ್ಲೇಡಿಗೆ ಸಿಗುವ ಕೋನ ಕಡಿಮೆ, ಥ್ರಸ್ಟೂ ಕಡಿಮೆ. ಮೆಷ್ ಸಣ್ಣ ಮಾಡಿ ಮಾಡಿ ನಾನು ತಪ್ಪು ಉತ್ತರವನ್ನೇ ಚಂದ ಮಾಡುತ್ತಿದ್ದೆ.

ಬದಿಗೆ ಹತ್ತು, ಕೆಳಗೆ ಹದಿನೈದು ತ್ರಿಜ್ಯ ಮಾಡಿ ಸುತ್ತ ತೆರೆದಿಟ್ಟೆ, ಸರಿಯಾಯಿತು. ಅಷ್ಟರಲ್ಲಿ ವೈವಾ ಮುಗಿದಿತ್ತು.

ಹಾಗಾಗಿ ಲ್ಯಾಪ್‌ಟಾಪ್ ಈಗಲೇ ಬೇಡ. ಮೊದಲು ಎಕ್ಸೆಲ್‌ನಲ್ಲಿ ಬ್ಲೇಡ್ ಎಲಿಮೆಂಟ್ ಲೆಕ್ಕ, ಅಂದರೆ ಬ್ಲೇಡನ್ನು ತುಂಡು ತುಂಡಾಗಿ ನೋಡಿ ಬಲ ಕೂಡಿಸುವ ಲೆಕ್ಕ ಮಾಡಿ, ಒಂದು ಸಂಜೆಯ ಕೆಲಸ. ಮುಂದಕ್ಕೆ ಹಾರುವ ರೋಟರ್ ಮಾಡುತ್ತೇನೆ ಅಂದಿದ್ದೀರಿ, ಅದೂ ಬೇಡ. ಬ್ಲೇಡ್ ಮೇಲೆ ಕೆಳಗೆ ಆಡುವ ಫ್ಲ್ಯಾಪಿಂಗ್, ಬಲಗಳನ್ನು ಸಮತೋಲಕ್ಕೆ ತರುವ ಟ್ರಿಮ್ ಎಲ್ಲ ಸೇರಿದರೆ ವರ್ಷ ಸಾಲದು, ನಿಂತಲ್ಲೇ ಹಾರುವ ಹೋವರ್ ಸಾಕು. ರನ್ ಹಾಕಲು ಕಾಲೇಜ್ ಲ್ಯಾಬ್ ಕೇಳಿ. ಯುಪಿಎಸ್ ಉಂಟಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ, ಜೂನಿನಲ್ಲಿ ಇಲ್ಲಿಯ ಕರೆಂಟ್ ನಿಮಗೆ ಗೊತ್ತೇ ಉಂಟಲ್ಲ.